ಶುಗರ್, ಬಿ.ಪಿ., ಕಿಡ್ನಿ ತೊಂದರೆ ಇರುವ ಮನೆಗಳಿಗೆ: ಯಾವ ಕಾರ್ಡು ಯಾವ ದವಾಖಾನೆಯಲ್ಲಿ, ಯಾವುದಕ್ಕೆ ನಡೆಯುತ್ತದೆ

‘ಕಾರ್ಡ್ ನಡೀತದೇನ್ರಿ?’

‘ನಡೀತದ್ರಿ.’

ಬೆಳಗಾವಿ, ಬಾಗಲಕೋಟೆ, ವಿಜಯಪುರದ ದೊಡ್ಡ ದವಾಖಾನೆಗಳ ಕೌಂಟರಿನ ಮುಂದೆ ದಿನಾಲೂ ಕೇಳಿಬರುವ ಮಾತಿದು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೆ ಕೇಳಿದವರ ಮನಸ್ಸಿನಲ್ಲಿ ಇರುವುದು ‘ನಮ್ಮ ಅಪ್ಪನ ಕಿಡ್ನಿ ಖರ್ಚು ಪೂರಾ ಬರುತ್ತದೆ’ ಎಂಬ ಭಾವನೆ. ಹೇಳಿದವರ ಮನಸ್ಸಿನಲ್ಲಿ ಇರುವುದು ‘ನಮ್ಮ ದವಾಖಾನೆಯ ಹೆಸರು ಯೋಜನೆಯ ಪಟ್ಟಿಯಲ್ಲಿದೆ’ ಎಂಬಷ್ಟೇ. ಇವೆರಡರ ನಡುವಿನ ಅಂತರ ಮೂರು ದಿನ ಬಿಟ್ಟು ಬಿಲ್ಲಿನಲ್ಲಿ ಕಾಣುತ್ತದೆ. ಬಡ್ಡಿಗೆ ಸಾಲ ತೆಗೆಯುವ ಪಾಳಿ ಬರುವುದು ಅಲ್ಲಿಂದ.

ದವಾಖಾನೆ ಪಟ್ಟಿಯಲ್ಲಿದ್ದರೆ ಸಾಲದು. ನಿಮಗೆ ಬೇಕಾದ ವಿಭಾಗ, ನಿಮಗೆ ಬರೆದ ಚಿಕಿತ್ಸೆ, ನೀವು ಮಲಗುವ ವಾರ್ಡು, ಎಲ್ಲವೂ ಆ ಪಟ್ಟಿಯೊಳಗೆ ಬರಬೇಕು. ಹೃದಯದ ಚಿಕಿತ್ಸೆಗೆ ನೋಂದಣಿ ಇರುವ ದವಾಖಾನೆಗೆ ಕಿಡ್ನಿ ವಿಭಾಗದ ನೋಂದಣಿ ಇರಲಿಕ್ಕಿಲ್ಲ. ಹೋದ ವರ್ಷ ಇದ್ದ ನೋಂದಣಿ ಈ ವರ್ಷ ಇಲ್ಲದಿರಬಹುದು. ವರ್ಷಾನುಗಟ್ಟಲೆ ಕಾಡುವ ಕಾಯಿಲೆ ಇರುವವರು ಇದನ್ನು ಕಾಯಿಲೆ ಜೋರಾಗುವ ಮೊದಲೇ, ಸಮಾಧಾನದ ದಿನದಲ್ಲಿ ಕುಳಿತು ತಿಳಿದುಕೊಳ್ಳಬೇಕು.

ಮೊದಲು: ಮನೆಯಲ್ಲಿ ಯಾವ ಯಾವ ಕಾರ್ಡು ಇದೆ ನೋಡಿ

ಒಂದೊಂದು ಯೋಜನೆಗೂ ದವಾಖಾನೆಗಳ ಪಟ್ಟಿ ಬೇರೆ ಬೇರೆ. ಒಂದರ ಪಟ್ಟಿ ನೋಡಿ ಇನ್ನೊಂದರ ಕಾರ್ಡು ಹಿಡಿದು ಹೋಗುವುದೇ ಎಲ್ಲಕ್ಕಿಂತ ಹೆಚ್ಚು ಆಗುವ ತಪ್ಪು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಈಗ ಅದರ ಹೆಸರಿಗೆ ‘ಮುಖ್ಯಮಂತ್ರಿಗಳ’ ಎಂಬುದು ಸೇರಿದೆ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡು ಇರುವ ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ. ಕಾಯಿಲೆ ಹಳೆಯದು ಎಂಬ ಕಾರಣಕ್ಕೆ ಇಲ್ಲಿ ಯಾರನ್ನೂ ಹೊರಗಿಡುವುದಿಲ್ಲ, ಕಾಯುವ ಅವಧಿಯೂ ಇಲ್ಲ. ಶುಗರ್ ಇಪ್ಪತ್ತು ವರ್ಷದ್ದಾದರೂ ಸರಿ.

ಎಪಿಎಲ್ ಕಾರ್ಡಿನವರಿಗೆ ಲೆಕ್ಕ ಬೇರೆ. ಪ್ಯಾಕೇಜ್ ದರದ, ಅಂದರೆ ಒಂದು ಚಿಕಿತ್ಸೆಗೆ ಎಲ್ಲ ಸೇರಿಸಿ ಗೊತ್ತುಮಾಡಿದ ದರದ, ಶೇ. 30 ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ಮೀರದಂತೆ. ಪ್ಯಾಕೇಜ್ 60,000 ಎಂದಿಟ್ಟುಕೊಂಡರೆ ಸರ್ಕಾರದ್ದು 18,000, ನಿಮ್ಮ ಪಾಲು 42,000. ಹೀಗಾಗಿ ಬಿಪಿಎಲ್ ಕಾರ್ಡು ರದ್ದಾದರೆ ಅಥವಾ ಎಪಿಎಲ್‌ಗೆ ಬದಲಾದರೆ ಹೋಗುವುದು ಅಕ್ಕಿ ಮಾತ್ರ ಎಂದು ಸುಮ್ಮನಿರಬೇಡಿ. ಅರ್ಹತೆ ಇದ್ದೂ ತಪ್ಪಿದ್ದರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ಕೂಡಲೇ ಅರ್ಜಿ ಕೊಡಿ.

ರೇಷನ್ ಕಾರ್ಡಿನಲ್ಲಿ ಹೆಸರು ಇಲ್ಲದವರಿಗೆ ಬಿಪಿಎಲ್‌ನ ಪೂರಾ ಸೌಲಭ್ಯ ಸಿಗುವುದಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಉಳಿದಿರುತ್ತದೆ, ಮಗುವಿನ ಹೆಸರು ಸೇರಿಸಿರುವುದಿಲ್ಲ, ಆಧಾರಿನಲ್ಲಿ ‘ಶಿವಪ್ಪ’ ಎಂದಿದ್ದರೆ ರೇಷನ್ ಕಾರ್ಡಿನಲ್ಲಿ ‘ಶಿವಾನಂದ’ ಎಂದಿರುತ್ತದೆ. ದವಾಖಾನೆಯ ಕಂಪ್ಯೂಟರು ಇಂಥದ್ದನ್ನು ಒಪ್ಪುವುದಿಲ್ಲ. ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ಪ್ರತಿಯೊಬ್ಬರ ಹೆಸರು, ಹುಟ್ಟಿದ ಇಸವಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ.

ಇನ್ನೊಂದು ಗೊಂದಲ ಆಭಾ ಸಂಖ್ಯೆಯದು. ಹದಿನಾಲ್ಕು ಅಂಕಿಯ ಆ ನಂಬರು ನಿಮ್ಮ ವೈದ್ಯಕೀಯ ದಾಖಲೆಗಳನ್ನು ಒಂದುಗೂಡಿಸಲು ಇರುವಂಥದ್ದು. ಅದು ಯಾರಿಗೆ ಬೇಕಾದರೂ ಸಿಗುತ್ತದೆ, ಅದರಿಂದ ಒಂದು ರೂಪಾಯಿ ಬಿಲ್ಲೂ ಕಟ್ಟಲಾಗದು. ಮೊಬೈಲಿನಲ್ಲಿ ಆಭಾ ಮಾಡಿಕೊಂಡು ‘ನಮ್ಮದು ಆಯುಷ್ಮಾನ್ ಆಗಿದೆ’ ಎಂದುಕೊಂಡವರು ಬಹಳ ಮಂದಿ. ಯೋಜನೆಯ ಕಾರ್ಡು ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ಸಿಗುತ್ತದೆ. ಅದು ಇನ್ನೂ ಕೈಗೆ ಬಂದಿಲ್ಲವೆಂದು ಚಿಕಿತ್ಸೆ ಮುಂದೂಡಬೇಕಿಲ್ಲ. ರೇಷನ್ ಕಾರ್ಡು ಮತ್ತು ಆಧಾರ್ ಮೇಲೂ ದವಾಖಾನೆಯಲ್ಲಿ ಅರ್ಹತೆ ನೋಡುತ್ತಾರೆ.

ಯಶಸ್ವಿನಿ ಯೋಜನೆ ಇರುವುದು ಸಹಕಾರ ಸಂಘಗಳ ಸದಸ್ಯರಿಗೆ. ಊರಿನ ಪಿಕೆಪಿಎಸ್ (ಕೃಷಿ ಪತ್ತಿನ ಸಹಕಾರ ಸಂಘ), ಹಾಲಿನ ಡೇರಿ, ನೇಕಾರರ ಸಂಘದಲ್ಲಿ ಸದಸ್ಯತ್ವ ಇದ್ದರೆ ಕಾರ್ಯದರ್ಶಿಯನ್ನು ಕೇಳಿ. ಯೋಜನೆ ಮತ್ತೆ ಶುರುವಾದಾಗ ನಿಗದಿಯಾದ ವಂತಿಗೆ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದಲ್ಲಿ 1,000. ಪರಿಶಿಷ್ಟ ಜಾತಿ, ಪಂಗಡದವರ ವಂತಿಗೆಯನ್ನು ಸರ್ಕಾರ ಭರಿಸುತ್ತದೆ. ಮಿತಿ ಇಲ್ಲಿಯೂ 5 ಲಕ್ಷ. ಪ್ರತಿ ವರ್ಷ ನೋಂದಣಿಗೆ ಕೊನೆಯ ದಿನ ಇರುತ್ತದೆ. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಬಾಗಿಲು ಮುಚ್ಚಿದಂತೆ. ಬಿಪಿಎಲ್ ಕಾರ್ಡು ಇಲ್ಲದ ಸಣ್ಣ ರೈತರಿಗೆ, ಎಪಿಎಲ್‌ನ ಶೇ. 30ಕ್ಕಿಂತ ಇದೇ ಹೆಚ್ಚು ಆಸರೆ.

ಕಾರ್ಡು ದಿನದ ಗುಳಿಗೆಗೆ ಬರುವುದಿಲ್ಲ

ಮೇಲಿನ ಎರಡೂ ಯೋಜನೆ ಮುಖ್ಯವಾಗಿ ಅಡ್ಮಿಟ್ ಆಗುವ ಚಿಕಿತ್ಸೆಗೆ. ಶುಗರ್, ಬಿ.ಪಿ., ಥೈರಾಯ್ಡ್, ದಮ್ಮು ಇರುವವರ ಖರ್ಚು ಇರುವುದು ತಿಂಗಳು ತಿಂಗಳು ಗುಳಿಗೆಗೆ, ರಕ್ತ ಪರೀಕ್ಷೆಗೆ. ಆ ಖರ್ಚನ್ನು ಇಳಿಸುವ ದಾರಿ ಬೇರೆಯೇ ಇದೆ.

ತಾಲೂಕು ದವಾಖಾನೆಯ ಎನ್‌ಸಿಡಿ (ಅಂಟುರೋಗವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಹೆಸರು ಬರೆಸಿ. ಶುಗರ್, ಬಿ.ಪಿ. ತಪಾಸಣೆ ಮತ್ತು ಗುಳಿಗೆ ಅಲ್ಲಿ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದ ನಮ್ಮ ಕ್ಲಿನಿಕ್‌ಗಳಲ್ಲೂ ಇವು ಸಿಗುತ್ತವೆ. ಹೋಗುವಾಗ ಖಾಸಗಿ ಡಾಕ್ಟರು ಬರೆದ ಚೀಟಿ ಮತ್ತು ಖಾಲಿ ಗುಳಿಗೆ ಪಾಕೀಟು ಎರಡನ್ನೂ ಒಯ್ಯಿರಿ.

ಎಡವುವುದು ಎಲ್ಲಿ ಎಂದರೆ, ಖಾಸಗಿ ಚೀಟಿಯಲ್ಲಿ ಬಹಳ ಸಲ ಎರಡು ಔಷಧ ಕೂಡಿಸಿದ ಒಂದೇ ಗುಳಿಗೆ ಇರುತ್ತದೆ: ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ್ದು, ಅಥವಾ ಟೆಲ್ಮಿಸಾರ್ಟಾನ್ ಮತ್ತು ಅಮ್ಲೋಡಿಪಿನ್ ಸೇರಿದ್ದು. ಸರ್ಕಾರಿ ಔಷಧ ಕೌಂಟರಿನಲ್ಲಿ ಆ ಬ್ರಾಂಡ್ ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ಮನೆಗೆ ಮರಳಬೇಡಿ. ಒಳಗಿರುವ ಡಾಕ್ಟರಿಗೆ ಪಾಕೀಟು ತೋರಿಸಿ, ಬಿಡಿ ಬಿಡಿಯಾಗಿ ಬರೆದುಕೊಡಲು ಕೇಳಿ. ಆಗ ಎರಡೂ ಸಿಗಬಹುದು. ನೀವಾಗಿಯೇ ಲೆಕ್ಕ ಹಾಕಿ ಬದಲಿಸಿಕೊಳ್ಳಬಾರದು. ಪಾಕೀಟಿನ ಮೇಲೆ ‘ಎಸ್‌ಆರ್’ ಎಂದಿದ್ದರೆ ಅದು ನಿಧಾನಕ್ಕೆ ಕರಗುವ ಗುಳಿಗೆ. ಸಾದಾ ಗುಳಿಗೆಗೆ ಬದಲಿಸುವಾಗ ಪ್ರಮಾಣ ಮತ್ತು ಹೊತ್ತು ಎರಡನ್ನೂ ಡಾಕ್ಟರೇ ಹೇಳಬೇಕು.

ಸರ್ಕಾರಿ ದವಾಖಾನೆಯಲ್ಲಿ ಇಲ್ಲದ್ದನ್ನು ಜನೌಷಧಿ ಅಂಗಡಿಯಲ್ಲಿ ಕೇಳಿ. ಅಲ್ಲಿ ಬ್ರಾಂಡಿನ ಹೆಸರು ನಡೆಯುವುದಿಲ್ಲ, ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಬೇಕು. ಅದಕ್ಕೇ ಖಾಲಿ ಪಾಕೀಟು ಎಸೆಯಬಾರದು ಎನ್ನುವುದು.

ರೆಫರಲ್ ಚೀಟಿ: ಮೊದಲು ಇದು, ಆಮೇಲೆ ಅಡ್ಮಿಟ್

ಆರೋಗ್ಯ ಕರ್ನಾಟಕದಲ್ಲಿ ಸುಮಾರು 1,650 ಚಿಕಿತ್ಸೆಗಳಿವೆ. ಅವುಗಳಿಗೆ ಗುಂಪು ಮಾಡಿದ್ದಾರೆ. ಸರಳ ಚಿಕಿತ್ಸೆಗಳನ್ನು ಸರ್ಕಾರಿ ದವಾಖಾನೆಯಲ್ಲೇ ಮಾಡಿಸಬೇಕು. ಕ್ಲಿಷ್ಟ ಚಿಕಿತ್ಸೆ ಮತ್ತು ಹೃದಯ, ಕಿಡ್ನಿ, ಕ್ಯಾನ್ಸರ್‌ನಂಥ ಮೇಲ್ಮಟ್ಟದ ಚಿಕಿತ್ಸೆಗೆ, ಸರ್ಕಾರಿ ದವಾಖಾನೆಯಲ್ಲಿ ಸೌಲಭ್ಯ ಇಲ್ಲದಿದ್ದರೆ, ಅಲ್ಲಿಂದ ರೆಫರಲ್ ಚೀಟಿ ಪಡೆದು ನೋಂದಾಯಿತ ಖಾಸಗಿ ದವಾಖಾನೆಗೆ ಹೋಗಬೇಕು. ತುರ್ತು ಗುಂಪಿನ ಚಿಕಿತ್ಸೆಗೆ ಮಾತ್ರ ಚೀಟಿ ಬೇಡ, ನೇರ ಹೋಗಬಹುದು.

ಮುಧೋಳದ ಒಬ್ಬರಿಗೆ ಆಂಜಿಯೋಪ್ಲಾಸ್ಟಿ ಬೇಕಾಗಿದೆ, ಆದರೆ ತುರ್ತು ಅಲ್ಲ ಎಂದಿಟ್ಟುಕೊಳ್ಳಿ. ಹಾದಿ ಹೀಗೆ:

1. ಮುಧೋಳ ತಾಲೂಕು ದವಾಖಾನೆಯಲ್ಲಿ ಅಥವಾ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಹಳೆಯ ಇಸಿಜಿ, ಎಕೋ, ರಕ್ತ ಪರೀಕ್ಷೆ ವರದಿ ಜೊತೆಗಿರಲಿ.
2. ಅಲ್ಲಿಯ ಆರೋಗ್ಯ ಮಿತ್ರರನ್ನು ಕಾಣಿ. ಯೋಜನೆಯ ಕೆಲಸಕ್ಕೆಂದೇ ನೇಮಕವಾದವರು ಇವರು. ರೇಷನ್ ಕಾರ್ಡು, ಆಧಾರ್ ಕೊಟ್ಟು ಅರ್ಹತೆ ಖಚಿತ ಮಾಡಿಕೊಳ್ಳಿ.
3. ಚೀಟಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ರೇಷನ್ ಕಾರ್ಡಿನಲ್ಲಿದ್ದಂತೆ ಹೆಸರು, ಕಾಯಿಲೆ, ಯಾವ ವಿಭಾಗಕ್ಕೆ ಮತ್ತು ಏಕೆ ಕಳಿಸುತ್ತಿದ್ದಾರೆ ಎಂಬುದು, ಡಾಕ್ಟರ ಸಹಿ, ಸೀಲು, ದಿನಾಂಕ ಇರಬೇಕು. ಸೀಲು ಮರೆತರೆ ಮತ್ತೊಂದು ದಿನದ ಪಗಾರ ಹೋಯಿತು.
4. ಮೂರು ಝೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.
5. ಹೋಗುವ ದವಾಖಾನೆಯ ಆರೋಗ್ಯ ಮಿತ್ರರ ಬಳಿ ಮೊದಲು ಹೋಗಿ, ಕ್ಯಾಶ್ ಕೌಂಟರಿಗೆ ಆಮೇಲೆ.

ಖಾಸಗಿಯಲ್ಲಿ ಮೊದಲು ಅಡ್ಮಿಟ್ ಮಾಡಿಬಿಟ್ಟು, ಆಮೇಲೆ ಚೀಟಿ ತರುತ್ತೇವೆ ಎನ್ನುವವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅಷ್ಟೊತ್ತಿಗೆ ದಾಖಲೆಯಲ್ಲಿ ಅವರು ಕ್ಯಾಶ್ ಪೇಶಂಟ್ ಆಗಿರುತ್ತಾರೆ. ಯೋಜನೆಯಲ್ಲಿ ಚಿಕಿತ್ಸೆಗೆ ಮೊದಲೇ ದವಾಖಾನೆಯವರು ವರದಿಗಳನ್ನು ಕಂಪ್ಯೂಟರಿನಲ್ಲಿ ಹಾಕಿ ಟ್ರಸ್ಟಿನ ಮಂಜೂರಾತಿ ಪಡೆಯಬೇಕು. ಆಪರೇಶನ್ ಮುಗಿದ ಮೇಲೆ ಹಿಂದಿನ ತಾರೀಕಿಗೆ ಅದನ್ನು ಪಡೆಯುವುದು ಕಷ್ಟ.

ತುರ್ತು ಎಂದರೆ ನಿಜಕ್ಕೂ ತುರ್ತು. ಎದೆ ನೋವು, ಬಾಯಿ ವಾರೆ, ಒಂದು ಕೈಕಾಲಿನ ಬಲ ಹೋಗುವುದು, ಶುಗರ್ ಏರಿ ಅಥವಾ ಇಳಿದು ಪ್ರಜ್ಞೆ ತಪ್ಪುವುದು: ಇಂಥ ಹೊತ್ತಿನಲ್ಲಿ ಪಟ್ಟಿ, ಚೀಟಿ ಯಾವುದನ್ನೂ ಹುಡುಕದೆ 108ಕ್ಕೆ ಫೋನ್ ಮಾಡಿ. ಹೃದಯಾಘಾತವಾದರೆ ಹತ್ತಿರದ ತಾಲೂಕು ದವಾಖಾನೆಯನ್ನು ದಾಟಿ ಹೋಗುವ ಮುನ್ನ ಯೋಚಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ತಾಲೂಕು ದವಾಖಾನೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಕಾರ್ಡುಗಳನ್ನು ಮನೆಯವರು ಹಿಂದಿನಿಂದ ತಂದರಾಯಿತು, ಆದರೆ ಡಿಸ್ಚಾರ್ಜಿನ ದಿನದವರೆಗೆ ತಡ ಮಾಡಬೇಡಿ.

ಕೌಂಟರಿನಲ್ಲಿ ಕೇಳಬೇಕಾದ ಮಾತು

‘ಕಾರ್ಡ್ ನಡೀತದೇನ್ರಿ’ ಎಂಬುದರ ಬದಲು ಇವನ್ನು ಕೇಳಿ, ಉತ್ತರವನ್ನು ಚೀಟಿಯ ಹಿಂದೆ ಬರೆದುಕೊಳ್ಳಿ.

‘ಈ ಡಾಕ್ಟರ್ ಬರೆದ ಇದೇ ಚಿಕಿತ್ಸೆಗೆ ನಿಮ್ಮಲ್ಲಿ ನೋಂದಣಿ ಐತೇನ್ರಿ? ಪ್ಯಾಕೇಜ್ ಕೋಡ್ ಯಾವುದ್ರಿ? ಮಂಜೂರಾತಿ ಬಂತೇನ್ರಿ, ಎಷ್ಟಕ್ಕ ಬಂತು? ಹೊರಗಿಂದ ತರಬೇಕಾದ ಔಷಧ, ಸ್ಟೆಂಟ್, ಟೆಸ್ಟ್ ಏನರ ಐತೇನ್ರಿ?’

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಪ್ಯಾಕೇಜ್ ಎಂದರೆ ಆ ಚಿಕಿತ್ಸೆಗೆ ಬೇಕಾದ ಹಾಸಿಗೆ, ಡಾಕ್ಟರ ಫೀ, ಔಷಧ, ಪರೀಕ್ಷೆ, ಊಟ ಎಲ್ಲ ಸೇರಿದ ಒಂದು ದರ. ಬಿಪಿಎಲ್ ರೋಗಿಯಿಂದ ಮಂಜೂರಾದ ಪ್ಯಾಕೇಜಿನೊಳಗಿನ ವಸ್ತುವಿಗೆ ದುಡ್ಡು ಕೇಳುವಂತಿಲ್ಲ. ಯೋಜನೆ ಜನರಲ್ ವಾರ್ಡಿನ ಲೆಕ್ಕದಲ್ಲಿದೆ. ‘ಅಪ್ಪಗ ನಿದ್ದಿ ಬರಂಗಿಲ್ಲ, ಸ್ಪೆಷಲ್ ರೂಮ್ ಕೊಡ್ರಿ’ ಎಂದು ಮಗ ಹೇಳಿದ ಒಂದು ಮಾತಿಗೆ ಇಡೀ ಲೆಕ್ಕ ಏರುಪೇರಾಗುತ್ತದೆ.

ಡಯಾಲಿಸಿಸ್ ಇರುವವರಿಗೆ

ವಾರಕ್ಕೆ ಮೂರು ಸಲ ಎಂದರೆ ವರ್ಷಕ್ಕೆ 156 ಸಲ. ಚಿಕಿತ್ಸೆ ಉಚಿತವಾದರೂ ಹೋಗಿಬರುವ ಖರ್ಚು, ಜೊತೆಗೆ ಬರುವವರ ದಿನದ ಕೂಲಿ ಮನೆಯನ್ನು ಬರಿದು ಮಾಡುತ್ತದೆ. ಆದ್ದರಿಂದ ಇಲ್ಲಿ ದೊಡ್ಡ ಹೆಸರಿನ ದವಾಖಾನೆಗಿಂತ ಹತ್ತಿರದ ದವಾಖಾನೆ ಮೇಲು. ತಾಲೂಕು ದವಾಖಾನೆಗಳಲ್ಲಿ ಸರ್ಕಾರದ ಉಚಿತ ಡಯಾಲಿಸಿಸ್ ಕೇಂದ್ರಗಳಿವೆ. ಮೊದಲು ಅಲ್ಲಿ ಹೆಸರು ಬರೆಸಿ. ಜಾಗ ಇಲ್ಲವೆಂದರೆ ಕಾಯುವ ಪಟ್ಟಿಯಲ್ಲಿ ಹೆಸರಿಡಿ, ಜಾಗ ಸಿಗುವ ತನಕ ನೋಂದಾಯಿತ ದವಾಖಾನೆಯಲ್ಲಿ ಕಾರ್ಡಿನ ಮೇಲೆ ಮಾಡಿಸಲು ರೆಫರಲ್ ಕೇಳಿ.

ಹೊಸ ಕೇಂದ್ರಕ್ಕೆ ಹೋಗುವಾಗ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಯ ಇತ್ತೀಚಿನ ವರದಿ ಇಲ್ಲದಿದ್ದರೆ ಮಷಿನ್‌ಗೆ ಹಾಕುವುದಿಲ್ಲ. ಸೋಂಕು ಇರುವವರಿಗೆ ಬೇರೆ ಮಷಿನ್ ಬೇಕಾಗುವುದೇ ಕಾರಣ. ಕಡೆಯ ಎರಡು ಮೂರು ಡಯಾಲಿಸಿಸ್‌ನ ಚೀಟಿ, ಒಣ ತೂಕ (ಮೈಯಲ್ಲಿನ ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ಬರೆದ ಹಾಳೆಯೂ ಬೇಕು. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಶನ್) ಮಾಡಿಸಬೇಕೆಂದು ಡಾಕ್ಟರು ಹೇಳಿದರೆ ಹಿಂದೇಟು ಹಾಕಬೇಡಿ. ಅದು ಬಲಿಯಲು ವಾರಗಳೇ ಬೇಕು, ಕುತ್ತಿಗೆಯ ನಳಿಕೆಯಲ್ಲೇ ಮುಂದುವರಿದರೆ ಸೋಂಕಿನ ಭಯ ಹೆಚ್ಚು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಜೊತೆಗೆ ಹೋಗುವವರು ಯಾರೆಂದು ಗೊತ್ತುಮಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೀರಜ್, ಸೋಲಾಪುರಕ್ಕೆ ಹೋಗುವ ಮುಂಚೆ

ಅಥಣಿ, ಕಾಗವಾಡ, ಚಿಕ್ಕೋಡಿ ಕಡೆಯವರಿಗೆ ಮಹಾರಾಷ್ಟ್ರದ ಮೀರಜ್ ದೂರವಲ್ಲ; ಇಂಡಿ, ಚಡಚಣ ಕಡೆಯವರಿಗೆ ಸೋಲಾಪುರ ದೂರವಲ್ಲ. ತಲೆಮಾರುಗಳಿಂದ ಅಲ್ಲಿಗೇ ಹೋಗುವ ರೂಢಿ. ಆದರೆ ಕಾರ್ಡಿನ ವಿಷಯದಲ್ಲಿ ಗಡಿ ಎಂಬುದು ಗಡಿಯೇ. ಆಯುಷ್ಮಾನ್ ಬೇರೆ ರಾಜ್ಯದಲ್ಲೂ ನಡೆಯುತ್ತದೆ ಎಂಬ ಮಾತು ಕೇಂದ್ರದ ಫಲಾನುಭವಿ ಪಟ್ಟಿಯಲ್ಲಿರುವ, ಅಂದರೆ 2011ರ ಸಾಮಾಜಿಕ ಆರ್ಥಿಕ ಗಣತಿಯಿಂದ ಆಯ್ದ ಕುಟುಂಬಗಳಿಗೆ ಅನ್ವಯಿಸುತ್ತದೆ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸೇರಿಸಿಕೊಂಡ ಬಿಪಿಎಲ್ ಕುಟುಂಬಗಳಿಗೆ ಆ ಸೌಲಭ್ಯವಿಲ್ಲ. ನೋಡಲು ಇಬ್ಬರ ಕೈಯಲ್ಲೂ ಒಂದೇ ಬಗೆಯ ಕಾರ್ಡು.

ನಿಮ್ಮದು ಯಾವುದೆಂದು ತಿಳಿಯಲು ಸರ್ಕಾರಿ ದವಾಖಾನೆಯ ಆರೋಗ್ಯ ಮಿತ್ರರನ್ನು ಕೇಳಿ, ಅಥವಾ 14555ಕ್ಕೆ ಫೋನ್ ಮಾಡಿ. ಹೋಗಲಿರುವ ದವಾಖಾನೆಯ ಆಯುಷ್ಮಾನ್ ವಿಭಾಗಕ್ಕೂ ಫೋನ್ ಮಾಡಿ ‘ಕರ್ನಾಟಕದ ಕಾರ್ಡು, ಇಂಥ ಚಿಕಿತ್ಸೆ’ ಎಂದು ಕೇಳಿ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವ ಕುಟುಂಬಗಳು ಹೊರಡುವ ಮುನ್ನವೇ ಇದನ್ನು ಕೇಳಿಟ್ಟುಕೊಳ್ಳಬೇಕು. ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೊಡಲು ಡಾಕ್ಟರನ್ನು ವಿನಂತಿಸಿ.

ಕಾರ್ಡು ಅಲ್ಲಿ ನಡೆಯದಿದ್ದರೆ, ಈ ಕಡೆ ವಿಚಾರಿಸಲು ಜಾಗಗಳಿವೆ: ಬೆಳಗಾವಿಯ ಬಿಮ್ಸ್, ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆ. ವಿಜಯಪುರದ ಜಿಲ್ಲಾ ಆಸ್ಪತ್ರೆ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ಆಸ್ಪತ್ರೆ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆ, ಕುಮಾರೇಶ್ವರ ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಹೃದಯಕ್ಕೆ ಕಲಬುರಗಿಯ ಜಯದೇವ. ಆದರೆ ಯಾವುದಕ್ಕೂ ‘ಹೆಸರು ಕೇಳಿದ್ದೇವೆ’ ಎಂದು ಹೋಗದೆ, ವಿಭಾಗವಾರು ನೋಂದಣಿಯನ್ನು 1800 425 8330ಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಪಗಾರದಲ್ಲಿ ಇಎಸ್‌ಐ ಕಡಿತ ಇದ್ದರೆ

ಮಿಲ್ಲು, ಫೌಂಡ್ರಿ, ಶೋರೂಮು, ದವಾಖಾನೆಗಳಲ್ಲಿ ದುಡಿಯುವ, ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ಪಗಾರದ ಶೇ. 0.75 ನಿಮ್ಮಿಂದ, ಶೇ. 3.25 ಮಾಲೀಕರಿಂದ. ದೀರ್ಘ ಕಾಯಿಲೆಗೆ ಇದರಷ್ಟು ಒಳ್ಳೆಯದು ಮತ್ತೊಂದಿಲ್ಲ, ಏಕೆಂದರೆ ದಿನದ ಗುಳಿಗೆಯೂ ಇದರಲ್ಲಿ ಬರುತ್ತದೆ, ಮನೆಯವರಿಗೂ ಬರುತ್ತದೆ. ಹಾದಿ: ನಿಮಗೆ ಗೊತ್ತುಮಾಡಿದ ಇಎಸ್‌ಐ ಚಿಕಿತ್ಸಾಲಯ, ಅಲ್ಲಿಂದ ಬೆಳಗಾವಿಯ ಇಎಸ್‌ಐ ಆಸ್ಪತ್ರೆಯಂಥ ದೊಡ್ಡ ದವಾಖಾನೆ, ಅಲ್ಲಿಂದ ಇಎಸ್‌ಐ ಜೊತೆ ಟೈ-ಅಪ್ (ಒಪ್ಪಂದ) ಇರುವ ಖಾಸಗಿ ದವಾಖಾನೆ. ಮೆಟ್ಟಿಲು ಹಾರಿದರೆ ಬಿಲ್ಲು ನಿಮ್ಮ ಮೇಲೆ.

ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇ. 70 ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬೇಕು. ಕ್ಯಾನ್ಸರ್, ಕ್ಷಯದಂಥ 34 ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80 ಕೊಡುವ ವಿಸ್ತೃತ ಸೌಲಭ್ಯ ಇದೆ. ಅದಕ್ಕೆ ಎರಡು ವರ್ಷದ ಸತತ ಸೇವೆ ಬೇಕು. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ ಬಿದ್ದಂತಾಯಿತು. ಇದು ಗೊತ್ತಿಲ್ಲದೆ ಸಾವಿರಾರು ಕೊಟ್ಟು ಪಾಲಿಸಿ ಹುಡುಕಬೇಡಿ.

ಖಾಸಗಿ ಪಾಲಿಸಿ ತೆಗೆಯಬೇಕೇ?

ಬಿಪಿಎಲ್ ಕಾರ್ಡು ಅಥವಾ ಇಎಸ್‌ಐ ಇದ್ದು ಕಾಯಿಲೆ ಆಗಲೇ ಅಂಟಿಕೊಂಡಿದ್ದರೆ, ಕಡಿಮೆ ಆದಾಯದಲ್ಲಿ ಖಾಸಗಿ ಪಾಲಿಸಿಗೆ ದುಡ್ಡು ಹಾಕುವುದಕ್ಕಿಂತ ಆ ದುಡ್ಡು ಗುಳಿಗೆಗೆ, ಪರೀಕ್ಷೆಗೆ ಹೋಗಲಿ. ಇರುವ ಕಾಯಿಲೆಗೆ ಪಾಲಿಸಿ ಮೂರು ವರ್ಷದವರೆಗೂ ಕಾಯಿಸಬಹುದು. ಯಾವ ಯೋಜನೆಯೂ ಇಲ್ಲದವರು ಆರೋಗ್ಯ ಸಂಜೀವನಿ ಎಂಬ ಪಾಲಿಸಿ ಕೇಳಬಹುದು. ಎಲ್ಲ ಕಂಪನಿಗಳಲ್ಲೂ ಷರತ್ತು ಒಂದೇ ಬಗೆ, ದರ ಮಾತ್ರ ಬೇರೆ. ಬಿಲ್ಲಿನ ಶೇ. 5 ನಿಮ್ಮ ಪಾಲು, ರೂಮಿನ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಹೆಚ್ಚೆಂದರೆ 5,000.

ಈ ಬಾಡಿಗೆಯ ಮಿತಿಯೇ ಬಹಳ ಜನರನ್ನು ಬೀಳಿಸುತ್ತದೆ. ಮೊತ್ತ 2 ಲಕ್ಷ ಇದ್ದರೆ ಮಿತಿ 4,000. ನೀವು 6,000ದ ರೂಮು ಹಿಡಿದರೆ ಕಡಿತ ಆಗುವುದು 2,000 ಮಾತ್ರ ಎಂದುಕೊಳ್ಳುತ್ತೀರಿ. ಡಾಕ್ಟರ ಫೀ, ಆಪರೇಶನ್ ಕೋಣೆಯ ಶುಲ್ಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ: 90,000ಕ್ಕೆ 60,000 ಅಷ್ಟೇ. ಔಷಧ ಮತ್ತು ಪರೀಕ್ಷೆಗೆ ಈ ಕಡಿತ ಇಲ್ಲ.

ಪ್ರಪೋಸಲ್ ಫಾರ್ಮಿನಲ್ಲಿ ಶುಗರ್, ಬಿ.ಪಿ. ಮುಚ್ಚಿಡಬೇಡಿ, ಏಜೆಂಟರು ಹೇಳಿದರೂ ಬೇಡ. ಅಡ್ಮಿಟ್ ಆಗುವಾಗ ‘ಎಷ್ಟ್ ವರ್ಷ ಆತ್ರಿ ಶುಗರ್?’ ಎಂದು ಕೇಳಿದರೆ ಅಂದಾಜಿನಲ್ಲಿ ‘ಹತ್ತು ವರ್ಷ ಆಗಿರಬೇಕ್ರಿ’ ಎನ್ನದೆ, ಮೊದಲ ವರದಿಯ ತಾರೀಕು ನೋಡಿ ಹೇಳಿ. ಡಿಸ್ಚಾರ್ಜ್ ಹಾಳೆಯಲ್ಲಿ ಬರೆದ ಆ ಒಂದು ಅಂದಾಜಿನ ಮೇಲೆ ಕ್ಲೇಮು ತಿರಸ್ಕಾರವಾಗಬಹುದು. ತಿರಸ್ಕಾರವಾದರೆ ಮೊದಲು ಕಂಪನಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ, ವರ್ಷದೊಳಗೆ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ದುಡ್ಡು ಕೇಳಿದರೆ

ಕಾರ್ಡಿನ ಮೇಲೆ ಅಡ್ಮಿಟ್ ಆದ ಬಿಪಿಎಲ್ ರೋಗಿಯಿಂದ ಹಣ ಕೇಳಿದರೆ ಜಗಳಕ್ಕೆ ಇಳಿಯದೆ ‘ಯಾತಕ್ಕ ಅಂತ ರಸೀದಿ ಮ್ಯಾಗ ಬರದು ಕೊಡ್ರಿ’ ಎನ್ನಿ. ಆರೋಗ್ಯ ಮಿತ್ರರಿಗೆ ತೋರಿಸಿ. ಬಗೆಹರಿಯದಿದ್ದರೆ ರೋಗಿ ಹಾಸಿಗೆಯಲ್ಲಿರುವಾಗಲೇ ಟ್ರಸ್ಟಿನ 1800 425 8330ಕ್ಕೆ ಅಥವಾ 104ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೂ ಲಿಖಿತ ಅರ್ಜಿ ಕೊಡಬಹುದು. ಮನೆಗೆ ಬಂದ ಮೇಲೆ, ರಸೀದಿ ಇಲ್ಲದೆ, ಬಾಯಿಮಾತಿನಲ್ಲಿ ಕೊಟ್ಟ ದೂರು ನಿಲ್ಲುವುದಿಲ್ಲ.

ಒಂದು ಫೈಲು

ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಫೈಲು ಸಾಕು. ಮೇಲಿನ ಹಾಳೆಯಲ್ಲಿ ರೋಗಿಯ ಹೆಸರು, ರಕ್ತದ ಗುಂಪು, ಯಾವ ಕಾಯಿಲೆ ಯಾವ ತಿಂಗಳಿಂದ, ಈಗ ನುಂಗುವ ಗುಳಿಗೆಗಳ ಮೂಲ ಹೆಸರು ಮತ್ತು ಹೊತ್ತು, ಒಗ್ಗದ ಔಷಧ, ಮನೆಯವರ ಎರಡು ಫೋನ್ ನಂಬರು. ಅದರ ಕೆಳಗೆ ಕಾರ್ಡುಗಳ ಝೆರಾಕ್ಸ್, ಆಮೇಲೆ ಡಿಸ್ಚಾರ್ಜ್ ಹಾಳೆಗಳು, ಆಮೇಲೆ ವರದಿಗಳು, ಹೊಸದು ಮೇಲೆ. ಶುಗರ್ ಇದ್ದವರದ್ದಾದರೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆಯ ಕ್ರಿಯೇಟಿನಿನ್, ಮೂತ್ರದ ಅಲ್ಬುಮಿನ್, ಕಣ್ಣಿನ ಪರದೆಯ ತಪಾಸಣೆ ವರದಿ ಇದರಲ್ಲಿರಬೇಕು. ಅಸಲು ರೇಷನ್ ಕಾರ್ಡು, ಆಧಾರ್ ಫೈಲಿನಲ್ಲಿ ಇಡಬೇಡಿ, ಕೌಂಟರಿನಲ್ಲಿ ಬಿಟ್ಟುಬಂದು ಕಳೆದುಹೋಗುತ್ತವೆ. ಫೈಲು ಇರುವ ಜಾಗ ಮನೆಯ ಎಲ್ಲರಿಗೂ, ಪಕ್ಕದ ಮನೆಯ ಒಬ್ಬರಿಗೂ ಗೊತ್ತಿರಲಿ.